ಖರ್ಚಿನ ಬಾಬ್ತು

ಪುಣೆಯ ವಿಮಾನ ನಗರದಲ್ಲಿ ಶನಿವಾರದ ಇಂಗ್ಲಿಷ್ ಪತ್ರಿಕೆಯ ಮೊದಲ ಪುಟ ಕಾಣಬೇಕಾದರೆ ಮೊದಲು ಎರಡು ಮೂರು ವಸತಿ ಸಮುಚ್ಚಯ ದಾಟಬೇಕು. ಖರಾಡಿಯ ಮೂವತ್ತು ಮಹಡಿ ಮೊದಲು ಬರುತ್ತದೆ. ಅದನ್ನು ತಿರುವಿದರೆ ವಾಘೋಲಿಯಲ್ಲಿ ಕಾಡು, ಕೆರೆ, ನವಿಲು ಸಮೇತ ಎರಡು ಬೆಡ್‌ರೂಮಿನ ಮನೆ. ಅದರ ಬೆನ್ನಿಗೆ ಒಡವೆ ಅಂಗಡಿಯ ಹೆಣ್ಣುಮಗಳು. ಆಮೇಲೆ ಪತ್ರಿಕೆಯ ಹೆಸರು, ಹೆಸರನ್ನೂ ಅರ್ಧ ಮುಚ್ಚಿದ ಇನ್ನೊಂದು ಜಾಹೀರಾತು, ಅದನ್ನು ಸರಿಸಿದರೆ ಒಳಗೆಲ್ಲೋ ಪ್ರಧಾನಮಂತ್ರಿ, ಕ್ರಿಕೆಟ್ಟು ಮತ್ತು ಮಳೆ. ನಮ್ಮ ಬೀದಿಗೆ ಬೇಸಿಗೆಯಿಡೀ ಬರುವ ನೀರಿನ ಟ್ಯಾಂಕರುಗಳ ವಿಷಯ ಒಳಪುಟದಲ್ಲೂ ಇಲ್ಲ. ವಾಘೋಲಿಯ ಆ ಕೆರೆಗೆ ನೀರು ಎಲ್ಲಿಂದ ಬರಬೇಕು ಎಂಬ ವಿಷಯವೂ ಇಲ್ಲ.

ಇದನ್ನು ದೂರು ಎಂದು ತಿಳಿಯಬೇಡಿ. ಸುದ್ದಿಮನೆಗಳಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ಬ್ಯೂರೋ ಮುಚ್ಚುತ್ತಿದ್ದಾರೆ, ಪುಟ ಕಡಿಮೆ ಮಾಡುತ್ತಿದ್ದಾರೆ ಎಂದು ಗೋಳಾಡುವವರ ಸಾಲಿನಲ್ಲಿ ನಾನಿಲ್ಲ. ಈ ವಿಚಾರದಲ್ಲಿ ನಾನು ಪೂರ್ತಿ ಮಾಲೀಕರ ಪಕ್ಷ. ಜನರನ್ನು ತೆಗೆದರೆ ನನಗೆ ಅಚ್ಚರಿಯಿಲ್ಲ. ಇನ್ನೂ ಕೆಲವರನ್ನು ಏಕೆ ಇಟ್ಟುಕೊಂಡಿದ್ದಾರೆ ಎಂಬುದೇ ಅರ್ಥವಾಗದ ಸಂಗತಿ.

2012ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯ ಕೆನ್ ಅವ್ಲೆಟಾ ಅವರಿಗೆ ಟೈಮ್ಸ್ ಸಮೂಹದ ವಿನೀತ್ ಜೈನ್ ಒಂದು ಮಾತು ಹೇಳಿದರು: ನಾವು ಪತ್ರಿಕೆ ವ್ಯಾಪಾರದಲ್ಲಿಲ್ಲ, ಜಾಹೀರಾತಿನ ವ್ಯಾಪಾರದಲ್ಲಿದ್ದೇವೆ, ಆದಾಯದ ನೂರಕ್ಕೆ ತೊಂಬತ್ತು ಪಾಲು ಜಾಹೀರಾತಿನಿಂದ ಬರುವುದಾದರೆ ಮತ್ತೇನು? ಭಾರತದ ಪತ್ರಿಕೋದ್ಯಮದಲ್ಲಿ ಇಷ್ಟು ಪ್ರಾಮಾಣಿಕವಾದ ವರದಿ ಅಪರೂಪ. ಮಿಕ್ಕ ಮಾಲೀಕರು ವಾರ್ಷಿಕೋತ್ಸವದ ದಿನ ದೀಪ ಹಚ್ಚಿ ‘ಸಮಾಜದ ಕನ್ನಡಿ’ ಎಂದು ಭಾಷಣ ಮಾಡಿ, ಮರುದಿನ ಲೆಕ್ಕದವರ ಜೊತೆ ಕೂತು ಅದೇ ತೊಂಬತ್ತು ಪಾಲಿನ ಲೆಕ್ಕ ನೋಡುತ್ತಾರೆ. ನೀವೇ ನೋಡಿ: ತಿಂಗಳ ಪೇಪರ್ ಬಿಲ್ಲಿನಲ್ಲಿ ರದ್ದಿಯವನು ತೂಗಿ ಕೊಡುವ ದುಡ್ಡನ್ನು ಕಳೆದರೆ ಉಳಿಯುವುದೆಷ್ಟು? ಅಷ್ಟು ಕೊಟ್ಟ ಓದುಗ ಗಿರಾಕಿ ಹೇಗಾದಾನು? ಅವನು ಮಾಲು. ಅವನನ್ನು ಬಿಲ್ಡರಿಗೆ ಮಾರಲಾಗಿದೆ. ಕುರಿ ಮಾರುವ ಸಂತೆಯಲ್ಲಿ ಕುರಿಯ ರುಚಿಗೆ ತಕ್ಕ ಹುಲ್ಲು ಹಾಕಿಲ್ಲ ಎಂದು ಯಾರಾದರೂ ಜಗಳ ತೆಗೆಯುತ್ತಾರೆಯೇ?

ದುರದೃಷ್ಟಕ್ಕೆ ಪುಣೆಗೆ ಈ ವಿಷಯದಲ್ಲಿ ಒಂದು ಕೆಟ್ಟ ಪರಂಪರೆಯಿದೆ. ಈ ಊರಿನಲ್ಲಿ ಪತ್ರಿಕೆಗಳನ್ನು ವ್ಯವಹಾರ ಜ್ಞಾನವಿಲ್ಲದವರು ನಡೆಸಿದರು. 1881ರಲ್ಲಿ ಶುರುವಾದ ‘ಕೇಸರಿ’ಯನ್ನೇ ತೆಗೆದುಕೊಳ್ಳಿ. ಮರುವರ್ಷವೇ ಕೊಲ್ಹಾಪುರ ಸಂಸ್ಥಾನದ ಕಾರಭಾರಿಯ ಮಾನನಷ್ಟ ಮೊಕದ್ದಮೆಯಲ್ಲಿ ಟಿಳಕ್ ಮತ್ತು ಆಗರಕರ್ ಇಬ್ಬರೂ ಜೈಲಿಗೆ ಹೋಗಿ 101 ದಿನ ಕೂತು ಬಂದರು. ಪತ್ರಿಕೆಯ ಇಬ್ಬರು ಪ್ರಮುಖರು ಒಟ್ಟಿಗೆ ಮೂರು ತಿಂಗಳಿಗೂ ಮಿಕ್ಕಿ ಗೈರುಹಾಜರು! ಇಂದಿನ ಎಚ್‌ಆರ್ ವಿಭಾಗವಾಗಿದ್ದರೆ ನೂರಾ ಎರಡನೇ ದಿನ ಇಬ್ಬರ ಕೈಗೂ ಲಕೋಟೆ ಬರುತ್ತಿತ್ತು. ಅದರಿಂದಲೂ ಪಾಠ ಕಲಿಯದ ಟಿಳಕರು 1897ರಲ್ಲಿ ರಾಜದ್ರೋಹದ ಆರೋಪದಲ್ಲಿ ಮತ್ತೊಮ್ಮೆ, 1908ರಲ್ಲಿ ಇನ್ನೊಮ್ಮೆ ಶಿಕ್ಷೆಗೊಳಗಾದರು. ಕೊನೆಯ ಸಲ ಆರು ವರ್ಷ, ಅದೂ ಬರ್ಮಾದ ಮಂಡಾಲೆಯಲ್ಲಿ. ಇಷ್ಟೆಲ್ಲ ಆಗಿಯೂ ಮುಖಪುಟಕ್ಕೆ ಒಂದು ಒಡವೆ ಅಂಗಡಿಯನ್ನು ಹಿಡಿಯುವ ಬುದ್ಧಿ ಬರಲಿಲ್ಲ.

ವಿಮಾನ ನಗರದಿಂದ ನಗರ ರಸ್ತೆ ಹಿಡಿದು ಪೇಟೆಯ ಕಡೆ ಹೊರಟರೆ ಆಗಾಖಾನ್ ಅರಮನೆ, ಅದರಾಚೆಗೆ ಯೆರವಡಾ ಜೈಲು. ಎರಡೂ ಕಡೆ ಗಾಂಧಿ ಇದ್ದರು. 1933ರ ಫೆಬ್ರವರಿಯಲ್ಲಿ ಈ ಜೈಲಿನ ಒಳಗಿಂದಲೇ ಅವರು ‘ಹರಿಜನ’ ವಾರಪತ್ರಿಕೆ ಶುರು ಮಾಡಿಸಿದರು, ಪುಣೆಯಲ್ಲೇ ಅಚ್ಚಾಯಿತು. ಈ ಮನುಷ್ಯ ಮೊದಲೇ ‘ಯಂಗ್ ಇಂಡಿಯಾ’, ‘ನವಜೀವನ’ಗಳಲ್ಲಿ ಜಾಹೀರಾತು ಬೇಡ ಎಂದಿದ್ದವರು. ಪತ್ರಿಕೆ ತನ್ನ ಖರ್ಚನ್ನು ಓದುಗರಿಂದಲೇ ಗಳಿಸಬೇಕಂತೆ, ಓದುಗರಿಗೆ ಬೇಡವಾದರೆ ಮುಚ್ಚಬೇಕಂತೆ! ಇದನ್ನು ಇಂದು ಯಾವ ಹೂಡಿಕೆದಾರನ ಮುಂದೆ ಸ್ಲೈಡು ಹಾಕಿ ತೋರಿಸುತ್ತೀರಿ? ಅದೇ ತಪ್ಪನ್ನು ನಮ್ಮ ಕರ್ನಾಟಕದಲ್ಲಿ 1980ರಲ್ಲಿ ಲಂಕೇಶ್ ಮಾಡಿದರು. ಜಾಹೀರಾತಿಲ್ಲದ ‘ಲಂಕೇಶ್ ಪತ್ರಿಕೆ’ಯನ್ನು ಕನ್ನಡಿಗರು ಬಸ್‌ಸ್ಟ್ಯಾಂಡುಗಳಲ್ಲಿ ಕಾದು ಕೊಂಡರು, ಮಂತ್ರಿಗಳು ಕದ್ದು ಓದಿದರು. ಓದುಗ ದುಡ್ಡು ಕೊಡುವುದಿಲ್ಲ ಎಂಬ ವ್ಯವಸ್ಥಾಪಕರ ಸಿದ್ಧಾಂತಕ್ಕೆ ಇದರಿಂದ ಆದ ಹಾನಿ ಸಣ್ಣದಲ್ಲ.

ಅದೃಷ್ಟವಶಾತ್ 2020 ಬಂತು.

ಆ ವರ್ಷ ಏಪ್ರಿಲ್ 18ರಂದು ಕೊರೊನಾ ಕಾರಣಕ್ಕೆ ಮಹಾರಾಷ್ಟ್ರ ಸರ್ಕಾರ ಮನೆಮನೆಗೆ ಪತ್ರಿಕೆ ಹಾಕುವುದನ್ನೇ ನಿಷೇಧಿಸಿತು. ಮೂರು ದಿನದ ಮೇಲೆ ಸಡಿಲಿಸಿದಾಗಲೂ ಪುಣೆ, ಮುಂಬೈಗೆ ಆ ಭಾಗ್ಯವಿರಲಿಲ್ಲ. ಹೌಸಿಂಗ್ ಸೊಸೈಟಿಗಳು ಗೇಟಿನಲ್ಲೇ ಪೇಪರಿನ ಹುಡುಗನನ್ನು ತಡೆದವು. ಪಿಜ್ಜಾ ತಂದವನಿಗೆ ಮಾತ್ರ ಸ್ಯಾನಿಟೈಸರ್ ಹಾಕಿ ದಾರಿ ಬಿಟ್ಟವು. ಹಲವು ವರ್ಷಗಳಿಂದ ಮಾಡಲು ಮನಸ್ಸಿದ್ದೂ ಮುಹೂರ್ತ ಕೂಡಿಬರದಿದ್ದ ಕೆಲಸಗಳೆಲ್ಲ ಈಗ ಸಲೀಸಾದವು. ಸಕಾಳ ಸಮೂಹದ ಇಂಗ್ಲಿಷ್ ದಿನಪತ್ರಿಕೆ ‘ಸಕಾಳ್ ಟೈಮ್ಸ್’ ಆ ವರ್ಷ ನಿಂತಿತು. ಡಿಸೆಂಬರಿನಲ್ಲಿ ಟೈಮ್ಸ್ ಸಮೂಹ ‘ಪುಣೆ ಮಿರರ್’ ನಿಲ್ಲಿಸಿ, ‘ಮುಂಬೈ ಮಿರರ್’ ಅನ್ನು ವಾರಕ್ಕೊಮ್ಮೆ ಮಾಡುವುದಾಗಿ ಹೇಳಿತು. ಸಾಂಕ್ರಾಮಿಕವೊಂದು ಕಾರಣ, ಆಮದು ಕಾಗದದ ಸುಂಕ ಇನ್ನೊಂದು. 2019ರ ಬಜೆಟ್ಟಿನಲ್ಲಿ ನ್ಯೂಸ್‌ಪ್ರಿಂಟ್ ಮೇಲೆ ಶೇ 10 ಸುಂಕ ಬಿದ್ದಿತ್ತು ನಿಜ, 2020ರ ಫೆಬ್ರವರಿಯಲ್ಲಿ ಅದು ಅರ್ಧಕ್ಕಿಳಿದದ್ದೂ ನಿಜ. ಕಾಗದದ ಬೆಲೆ ಏರಿದಾಗ ಕೆಲಸ ಹೋಗುವುದು ಕಾಗದದ ಮೇಲೆ ಬರೆಯುವವನದು. ಸುಂಕ ಇಳಿದ ಮೇಲೆ ಅವನನ್ನು ವಾಪಸು ಕರೆದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಷ್ಟಾದರೂ ನಮ್ಮವರು ಸಭ್ಯರು. ಅಮೆರಿಕದ ‘ಡೆನ್ವರ್ ಪೋಸ್ಟ್’ ಪತ್ರಿಕೆಯವರು 2018ರ ಏಪ್ರಿಲ್‌ನಲ್ಲಿ ತಮ್ಮದೇ ಮಾಲೀಕರಾದ ಆಲ್ಡನ್ ಗ್ಲೋಬಲ್ ಕ್ಯಾಪಿಟಲ್ ಎಂಬ ಹೆಡ್ಜ್ ಫಂಡನ್ನು ತಮ್ಮದೇ ಸಂಪಾದಕೀಯದಲ್ಲಿ ರಣಹದ್ದು ಎಂದು ಕರೆದರು. ನಮ್ಮಲ್ಲಿ ಅಂಥ ಅಶಿಸ್ತು ನಡೆಯುವುದಿಲ್ಲ. ಇಲ್ಲಿ ಪತ್ರಿಕೆ ಮುಚ್ಚಿದ ಸುದ್ದಿಯನ್ನು ಬೇರೆ ಪತ್ರಿಕೆ ಕೂಡ ಬರೆಯುವುದಿಲ್ಲ. ನಾಳೆ ತನ್ನ ಸರದಿ ಎಂದು ಅದಕ್ಕೂ ಗೊತ್ತು.

ಸಂಬಳದ ಕಾನೂನು ಇದೆಯಲ್ಲ ಎನ್ನುವಿರಿ. ಇದೆ. ಪತ್ರಿಕಾ ನೌಕರರಿಗಾಗಿ ಮಾಡಿದ ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರಲ್ಲಿ ಅಧಿಸೂಚನೆಯಾಯಿತು, 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಬಾಕಿಯನ್ನು ಒಂದು ವರ್ಷದೊಳಗೆ ಕೊಡಿ ಎಂದಿತು. ಆಗ ಹಲವು ಕಚೇರಿಗಳಲ್ಲಿ ಒಂದು ಅರ್ಜಿ ನಮೂನೆ ಓಡಾಡಿತು: ‘ನನಗೆ ಈಗಿನ ಸಂಬಳವೇ ಸಾಕು, ಹೆಚ್ಚಿಗೆ ಬೇಡ.’ ಭೂಮಿಯ ಮೇಲೆ ಬೇರೆ ಯಾವ ಉದ್ಯೋಗದಲ್ಲೂ ಇಷ್ಟೊಂದು ಸಂತೃಪ್ತ ಜೀವಿಗಳು ಒಂದೇ ವಾರದಲ್ಲಿ ಸಹಿ ಹಾಕಿರಲಾರರು. ಆ ಸಹಿ ತೋರಿಸಿ ಕಡಿಮೆ ಸಂಬಳ ಕೊಡುವಂತಿಲ್ಲ, ಗುತ್ತಿಗೆಯವರಿಗೂ ಇದು ಅನ್ವಯ ಎಂದು 2017ರಲ್ಲಿ ಕೋರ್ಟು ಹೇಳಿತು. ಮಾಲೀಕರು ಬೇಕೆಂದೇ ನ್ಯಾಯಾಂಗ ನಿಂದನೆ ಮಾಡಿಲ್ಲ ಎಂದೂ ಹೇಳಿತು. ಬೇಕೆಂದು ಮಾಡಲಿಲ್ಲ, ಪಾಪ, ಹಾಗೇ ಆಗಿಹೋಯಿತು.

ಪಟ್ಟಣದ ಕಥೆ ಇದು. ಸುದ್ದಿಮನೆಯ ಉಳಿತಾಯದ ನಿಜವಾದ ಪ್ರತಿಭೆ ಕಾಣಬೇಕಾದರೆ ನಮ್ಮ ಕರ್ನಾಟಕದ ತಾಲ್ಲೂಕುಗಳಿಗೆ ಬರಬೇಕು. ಅಲ್ಲಿನ ಅರೆಕಾಲಿಕ ವರದಿಗಾರನಿಗೆ ಸಂಬಳವೆನ್ನುವುದು ಹೆಸರಿಗೆ. ಆದರೆ ಯುಗಾದಿ, ದೀಪಾವಳಿ, ಪತ್ರಿಕೆಯ ವಾರ್ಷಿಕೋತ್ಸವ ಬಂದರೆ ಅವನಿಗೊಂದು ಟಾರ್ಗೆಟ್ಟು. ಪುರವಣಿಗೆ ಇಷ್ಟು ಜಾಹೀರಾತು ತರಬೇಕು. ಸೋಮವಾರ ಅವನು ಕೆರೆ ಒತ್ತುವರಿಯ ದಾಖಲೆ ಕೇಳಲು ಶಾಸಕರ ಮನೆಗೆ ಹೋಗುತ್ತಾನೆ. ಮಂಗಳವಾರ ಅದೇ ಶಾಸಕರ ಹುಟ್ಟುಹಬ್ಬಕ್ಕೆ ಕಾಲು ಪುಟ ಬರೆಸಿಕೊಳ್ಳಲು ಹೋಗುತ್ತಾನೆ. “ಬಾರಪ್ಪಾ, ನಿನ್ನೆ ಏನೋ ಕೆರೆ ಅಂತಿದ್ದೆಯಲ್ಲ?” ಎಂದು ಶಾಸಕರು ಕೇಳಿದರೆ, “ಅದು ಬಿಡಿ ಅಣ್ಣಾ, ಫೋಟೋ ಯಾವುದು ಹಾಕಲಿ?” ಎನ್ನದೆ ಅವನಿಗೆ ಬೇರೆ ದಾರಿಯಿಲ್ಲ. ವರದಿ, ಜಾಹೀರಾತು, ಪ್ರಸಾರ, ವಸೂಲಿ ಎಲ್ಲ ಒಬ್ಬನೇ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಒಬ್ಬ ಶಾಸಕನನ್ನು ಪ್ರಶ್ನೆಗಳಿಂದ ಕಾಪಾಡುವ ವ್ಯವಸ್ಥೆಯನ್ನು ಯಾವ ಪಕ್ಷವೂ ಕಂಡುಹಿಡಿದಿಲ್ಲ.

ಮಹಾರಾಷ್ಟ್ರದವರು ಇದನ್ನು ಸಗಟು ದರದಲ್ಲಿ ಮಾಡಿದರು. 2009ರ ವಿಧಾನಸಭೆ ಚುನಾವಣೆಯ ಹೊತ್ತಿಗೆ ಮುಖ್ಯಮಂತ್ರಿ ಅಶೋಕ ಚವಾಣರನ್ನು ಕೊಂಡಾಡುವ ಒಂದೇ ಲೇಖನ ಮೂರು ಪ್ರತಿಸ್ಪರ್ಧಿ ಮರಾಠಿ ಪತ್ರಿಕೆಗಳಲ್ಲಿ ಅಕ್ಷರ ಆಚೀಚೆಯಾಗದಂತೆ ಬಂತು. ಪಿ. ಸಾಯಿನಾಥ್ ಅದನ್ನು ‘ದಿ ಹಿಂದೂ’ವಿನಲ್ಲಿ ಬಯಲಿಗೆಳೆದರು. ಪತ್ರಿಕಾ ಜಾಹೀರಾತಿಗೆ ಚವಾಣರು ತೋರಿಸಿದ ಖರ್ಚು 5,379 ರೂಪಾಯಿ. ಆ ಲೆಕ್ಕದ ಮೇಲಿನ ಕೇಸು ವರ್ಷಗಟ್ಟಲೆ ಎಳೆದು, 2014ರಲ್ಲಿ ಅವರ ವಿರುದ್ಧದ ಚುನಾವಣಾ ಆಯೋಗದ ಆದೇಶವನ್ನು ದೆಹಲಿ ಹೈಕೋರ್ಟು ರದ್ದು ಮಾಡಿತು. ಕಾಸಿಗಾಗಿ ಸುದ್ದಿಯ ಬಗ್ಗೆ ಪ್ರೆಸ್ ಕೌನ್ಸಿಲ್‌ನ ಇಬ್ಬರು ಸದಸ್ಯರು ಬರೆದುಕೊಟ್ಟ 71 ಪುಟಗಳ ವರದಿಯನ್ನು ಕೌನ್ಸಿಲ್ಲೇ ಕತ್ತರಿಸಿ ಸಣ್ಣದು ಮಾಡಿ ಹೊರತಂದಿತು. ಹೆಸರುಗಳಿದ್ದ ಪುಟಗಳು ಬಹುಶಃ ತೂಕ ಹೆಚ್ಚಿದ್ದವು.

ಇನ್ನು ವಿಮಾನ ನಗರದ ಮಗ್ಗುಲಿಗೇ ಬರೋಣ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿ ನಗರದಲ್ಲಿ ಪೋರ್ಶೆ ಕಾರೊಂದು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಓಡಿಸುತ್ತಿದ್ದನೆಂಬ ಆರೋಪವಿದ್ದ ಹುಡುಗನಿಗೆ ಹದಿನೇಳು, ತಂದೆ ಬಿಲ್ಡರು. ಹದಿನೈದು ತಾಸಿನಲ್ಲಿ ಜಾಮೀನು, ಷರತ್ತುಗಳಲ್ಲಿ ಒಂದು: ರಸ್ತೆ ಅಪಘಾತದ ಮೇಲೆ 300 ಪದಗಳ ಪ್ರಬಂಧ. ಆ ಷರತ್ತು ಪತ್ರಿಕೆಯಲ್ಲಿ ಬಂದ ದಿನ ಇಡೀ ದೇಶ ಉರಿಯಿತು. ಕೆಲವೇ ದಿನಗಳಲ್ಲಿ ಜಾಮೀನು ಹೋಯಿತು. ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ಸಸೂನ್ ಆಸ್ಪತ್ರೆಯ ಇಬ್ಬರು ವೈದ್ಯರು ಬಂಧಿತರಾದರು.

ಈಗ ಇದನ್ನು ಲೆಕ್ಕದವರ ಕಣ್ಣಿನಿಂದ ನೋಡಿ. ಯೆರವಡಾ ಠಾಣೆಯ ಮುಂದೆ ಒಬ್ಬ ವರದಿಗಾರ, ಸಸೂನ್‌ನಲ್ಲಿ ಒಬ್ಬ, ಶಿವಾಜಿನಗರ ಕೋರ್ಟಿನಲ್ಲಿ ಒಬ್ಬಳು. ವಾರಗಟ್ಟಲೆ ಪೆಟ್ರೋಲು, ಚಹಾ, ವಡಾಪಾವು, ವಕೀಲರ ಸಲಹೆ. ಜಮಾ ಬದಿಯಲ್ಲಿ ಸೊನ್ನೆ. ಬಿಲ್ಡರ ಮಗನ ಸುದ್ದಿ ಬಂದ ಪುಟದ ಎದುರು ಪುಟಕ್ಕೆ ಫ್ಲ್ಯಾಟಿನ ಜಾಹೀರಾತು ಕೇಳುವುದೂ ಮುಜುಗರ. ರಕ್ತದ ಮಾದರಿ ಬದಲಾಗಿದೆ ಎಂದು ಆಸ್ಪತ್ರೆ ಪ್ರೆಸ್‌ನೋಟು ಕಳಿಸುವುದಿಲ್ಲವಲ್ಲ! ಆದ್ದರಿಂದ ಸುದ್ದಿಮನೆಯ ಹೊಸ ಸೂತ್ರ ಆ ಜಾಮೀನಿನ ಷರತ್ತಿನಿಂದಲೇ ಹುಟ್ಟಿದಂತಿದೆ: ವಿಷಯ ಏನೇ ಇರಲಿ, 300 ಪದ ಬರೆದುಕೊಡು, ಮನೆಗೆ ಹೋಗು.

ಬರೆಯುವವರಿಗೇನೂ ಬರವಿಲ್ಲ. ವಿಮಾನ ನಗರದಲ್ಲೇ ಸಿಂಬಯಾಸಿಸ್‌ನ ಮಾಧ್ಯಮ ಕಾಲೇಜಿದೆ. ಅಲ್ಲಿನ ಮಕ್ಕಳು ಚುರುಕು. ಸಂಜೆ ಫೀನಿಕ್ಸ್ ಮಾಲಿನ ಸುತ್ತ ಕ್ಯಾಮೆರಾ ಹಿಡಿದು ಓಡಾಡುವುದನ್ನು ಕಂಡರೆ ಮುದವಾಗುತ್ತದೆ. ಇಂಥ ಕಾಲೇಜುಗಳಿಂದ ಮೂರು ನಾಲ್ಕು ವರ್ಷ ತನಿಖಾ ವರದಿ, ಮಾಧ್ಯಮ ನೀತಿ ಎಲ್ಲ ಓದಿ ಹೊರಬಂದವರಲ್ಲಿ ಎಷ್ಟೋ ಜನರಿಗೆ ಕೆಲಸ ಸಿಗುವುದು ಪಿಆರ್ ಕಂಪನಿಗಳಲ್ಲಿ, ಬ್ರ್ಯಾಂಡುಗಳ ‘ಕಂಟೆಂಟ್’ ವಿಭಾಗದಲ್ಲಿ. ಅವರು ಅಚ್ಚುಕಟ್ಟಾದ ಪ್ರೆಸ್‌ನೋಟು ಬರೆಯುತ್ತಾರೆ. ಪತ್ರಿಕೆಯಲ್ಲಿ ಉಳಿದಿರುವ ಒಬ್ಬನೇ ಉಪಸಂಪಾದಕ ಅದನ್ನು ಹಾಗೇ ಪುಟಕ್ಕೆ ಇಳಿಸುತ್ತಾನೆ, ತಲೆಬರಹ ಸಮೇತ. ವರದಿಗಾರನ ಸಂಬಳವನ್ನು ಈಗ ಸುದ್ದಿಯಾಗಬೇಕಾದವನೇ ಕೊಡುತ್ತಿದ್ದಾನೆ. ಮಾಲೀಕರಿಗೆ ಇದಕ್ಕಿಂತ ಬೇರೆ ಏನು ಬೇಕು?

ಓದುಗರಾದ ನಾವೂ ಹಿಂದೆ ಬಿದ್ದಿಲ್ಲ. ಮಾಲಿನಲ್ಲಿ ಮುನ್ನೂರು ರೂಪಾಯಿಯ ಕಾಫಿ ಕುಡಿಯುತ್ತಾ ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಕದ್ದ ಇ-ಪೇಪರಿನ ಪಿಡಿಎಫ್ ಹಂಚುತ್ತೇವೆ. ಕೆಳಗೆ ಒಬ್ಬರು, “ಈಗಿನ ಪೇಪರಿನಲ್ಲಿ ಏನೂ ಇರೋದಿಲ್ಲ ಬಿಡ್ರೀ” ಎಂದು ಬರೆಯುತ್ತಾರೆ. ಅದಕ್ಕೆ ಹೆಬ್ಬೆರಳುಗಳ ಸಾಲು. ಟ್ಯಾಂಕರು ಯಾರದ್ದು, ದರ ಯಾರು ಏರಿಸಿದರು ಎಂಬ ಪ್ರಶ್ನೆಗೂ ಅದೇ ಗುಂಪಿನಲ್ಲಿ ಉತ್ತರ ಹುಡುಕುತ್ತೇವೆ. ಸಿಗುವುದು ಇನ್ನೊಂದು ಟ್ಯಾಂಕರಿನವನ ಫೋನ್ ನಂಬರು.

ಹೀಗೆ ಒಂದೊಂದೇ ಬಾಬ್ತು ಹೊಡೆಯುತ್ತಾ ಬಂದರೆ ಕೊನೆಗೆ ಉಳಿಯುವುದು ಸಂಪಾದಕ. ಅವನನ್ನೂ ತೆಗೆಯಲು ನನ್ನ ಅಭ್ಯಂತರವಿಲ್ಲ, ಕಾನೂನಿನದಿದೆ. 1867ರ ಪತ್ರಿಕಾ ಕಾಯ್ದೆ ಹೋಗಿ 2023ರದು ಬಂದರೂ ಸಂಪಾದಕನೆಂಬ ಒಬ್ಬನ ಹೆಸರು ಇರಲೇಬೇಕು. ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಅಕ್ಷರದಲ್ಲಿ, ಸುದ್ದಿಗಳ ಆಯ್ಕೆಗೆ ಇಂಥವರೇ ಹೊಣೆ ಎಂದು ಹಾಕುತ್ತಾರಲ್ಲ, ಅಲ್ಲಿಗೆ. ಸುದ್ದಿ ಆಯ್ದದ್ದು ಮಾರ್ಕೆಟಿಂಗ್‌ನವರಾದರೂ ಸಮನ್ಸ್ ಬಂದಾಗ ಸಹಿ ಹಾಕಿ ತೆಗೆದುಕೊಳ್ಳಲು ಒಬ್ಬ ಮನುಷ್ಯ ಬೇಕು. ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ಇಟ್ಟುಕೊಂಡರೆ ಸಾಕು.