ಮೊದಲು ಬಗ್ಗಿ ನೋಡಲಿ, ಬಾನೆಟ್ ಆಮೇಲೆ

ಏನು ರಾಯರೇ, ಬರ್ಮಿಂಗ್‌ಹ್ಯಾಮಿನಲ್ಲಿರುವ ನಿಮ್ಮ ಮಗ ಹಳೇ ಎಂಜಿಬಿ ಕಾರು ಕೊಳ್ಳುತ್ತಾನಂತೆ! ಬೆಳಿಗ್ಗೆ ನಿಮ್ಮ ಮನೆಯವರು ಹೂ ಬಿಡಿಸುತ್ತಾ ಹೇಳಿದರು. ಕೇಳಿ ನನಗಂತೂ ತುಂಬಾ ಸಂತೋಷವಾಯಿತು. ಆದರೆ ನಾಳೆಯೇ ಹೋಗಿ ದುಡ್ಡು ಕೊಟ್ಟುಬಿಡಬೇಡ ಅನ್ನಿ ಅವನಿಗೆ. ನಾನು ಕವೆಂಟ್ರಿಯಲ್ಲಿ ಕೆಲಸದಲ್ಲಿದ್ದಾಗ ಎಷ್ಟೋ ಭಾನುವಾರಗಳನ್ನು ಇಂಥ ಗಾಡಿಗಳ ಕೆಳಗೆ ಮಲಗಿಯೇ ಕಳೆದಿದ್ದೇನೆ. ಗೊತ್ತಿದ್ದದ್ದನ್ನು ಹೇಳದೆ ಸುಮ್ಮನಿರೋಕೆ ಮನಸ್ಸು ಬರಲ್ಲ. ಗಿಡಕ್ಕೆ ನೀರು ಆಮೇಲೆ ಹಾಕಿದರಾಯಿತು, ಸ್ವಲ್ಪ ಈ ಕಡೆ ಬನ್ನಿ.

ನಮ್ಮ ರಸ್ತೆಯಲ್ಲಿ ಓಡಾಡುವ ಎಂಜಿ ಹೆಕ್ಟರ್ ಕಾರಿನ ಮೇಲಿದೆಯಲ್ಲ ಎಂಟು ಮೂಲೆಯ ಗುರುತು, ಎಂಜಿಬಿ ಮೇಲೂ ಅದೇ ಇರುತ್ತೆ. ಆದರೆ ಅದು ಹೆಸರಿನ ನಂಟು ಮಾತ್ರ. ಹೆಕ್ಟರ್ ತಯಾರಾಗುವುದು ಗುಜರಾತಿನ ಹಾಲೋಲ್‌ನಲ್ಲಿ. ಎಂಜಿಬಿ ಹುಟ್ಟಿದ್ದು ಆಕ್ಸ್‌ಫರ್ಡ್ ಪಕ್ಕದ ಅಬಿಂಗ್ಡನ್ನಿನಲ್ಲಿ, 1962ರಿಂದ 1980ರವರೆಗೆ. ಐದು ಲಕ್ಷಕ್ಕೂ ಹೆಚ್ಚು ಗಾಡಿ ಹೊರಬಂದವು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕಕ್ಕೇ ಹೋದವು. ಎರಡು ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಚಾವಣಿ. 1965ರಿಂದ ಗಟ್ಟಿ ಚಾವಣಿಯ ಜಿಟಿಯೂ ಬಂತು.

ನಿಜವಾದ ನಂಟು ಬೇರೆ ಇದೆ. ಎಂಜಿಬಿಯ ಬಾನೆಟ್ ಎತ್ತಿದರೆ ನಮ್ಮ ಅಂಬಾಸಿಡರ್ ಕಣ್ಣಮುಂದೆ ಬರುತ್ತೆ. ಎರಡಕ್ಕೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ನೇ. ಅಂಬಾಸಿಡರಿನದು 1489 ಸಿಸಿ, ಎಂಜಿಬಿಯದು 1798 ಸಿಸಿ. ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕ ಅಂಬಾಸಿಡರ್ ರಿಪೇರಿ ಮಾಡುತ್ತಾ ಮುದುಕರಾದ ಯಾವ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರೂ ಆ ಎಂಜಿನ್ನಿನ ಟ್ಯಾಪೆಟ್ ಸರಿ ಮಾಡಿಕೊಡುತ್ತಾರೆ. ಅಂಥ ಸರಳ, ಗಟ್ಟಿ ಎಂಜಿನ್ ಅದು. ಬಿಡಿಭಾಗಗಳು ಇವತ್ತಿಗೂ ಇಂಗ್ಲೆಂಡಿನಲ್ಲಿ ಸಲೀಸಾಗಿ ಸಿಗುತ್ತವೆ. ಹಾಗಾಗಿ ಎಂಜಿನ್ ವಿಷಯದಲ್ಲಿ ನನಗೆ ಚಿಂತೆಯಿಲ್ಲ, ನನ್ನ ಚಿಂತೆಯೆಲ್ಲ ತಗಡಿನದು.

ಯಾಕೆ ಅಂತೀರಾ? ಇದಕ್ಕಿಂತ ಮುಂಚಿನ ಎಂಜಿಎ ಕಾರಿಗೆ ಕೆಳಗೆ ಬೇರೆಯೇ ಛಾಸಿ ಇತ್ತು. ಎಂಜಿಬಿಯಲ್ಲಿ ಅದಿಲ್ಲ, ಬಾಡಿಯೇ ಛಾಸಿ. ಮೇಲೆ ಗಟ್ಟಿ ಚಾವಣಿಯೂ ಇಲ್ಲದ್ದರಿಂದ ಮುಂಭಾಗ ಹಿಂಭಾಗ ಎರಡನ್ನೂ ಹಿಡಿದು ನಿಲ್ಲಿಸುವುದು ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಪೆಟ್ಟಿಗೆ. ಅದಕ್ಕೆ ಸಿಲ್ ಅಂತಾರೆ. ಒಳಗೊಂದು ತಗಡು, ಹೊರಗೊಂದು ತಗಡು, ನಡುವೆ ಇನ್ನೊಂದು, ಇವೆಲ್ಲ ಸೇರಿ ಒಂದು ಸಿಲ್. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಮಂಜು ಕಟ್ಟಬಾರದು ಅಂತ ರಸ್ತೆಗೆಲ್ಲ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಈ ಪೆಟ್ಟಿಗೆಯೊಳಗೆ ಸೇರಿಕೊಂಡರೆ ಒಳಗಿನಿಂದಲೇ ತಿನ್ನುತ್ತಾ ಬರುತ್ತೆ. ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆ ಕಾಣಿಸಿತು ಅಂದರೆ ಒಳಗೆ ಬಹಳಷ್ಟು ಆಗಲೇ ಹೋಗಿದೆ ಅಂತಲೇ ಲೆಕ್ಕ.

ಅದನ್ನು ಪತ್ತೆ ಮಾಡುವುದು ಕಷ್ಟವೇನಲ್ಲ. ಮೊದಲು ದೂರ ನಿಂತು ಬಾಗಿಲಿನ ಸಂದು ನೋಡಬೇಕು. ಮುಂದೆ, ಹಿಂದೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇದೆಯೋ, ಮೇಲುಗಡೆ ಬಿಗಿಯಾಗಿದೆಯೋ ಅಂತ. ಆಮೇಲೆ ಮಾಲೀಕರನ್ನು ಕೇಳಿಕೊಂಡು ಗಾಡಿಯನ್ನು ಒಂದು ಕಡೆ ಜಾಕ್ ಮೇಲೆ ಎತ್ತಿ ಆ ಕಡೆಯ ಬಾಗಿಲು ತೆರೆದು ಮುಚ್ಚಿ ನೋಡಬೇಕು. ನೆಲದ ಮೇಲಿದ್ದಾಗ ಮುಚ್ಚುತ್ತಿದ್ದ ಹಾಗೇ ಮುಚ್ಚಿದರೆ ಒಳ್ಳೆಯದು. ಸಂದು ಬದಲಾಯಿತು, ಬಾಗಿಲು ಕಚ್ಚಿಕೊಂಡಿತು ಅಂದರೆ ಸಿಲ್‌ನಲ್ಲಿ ಶಕ್ತಿ ಉಳಿದಿಲ್ಲ, ಗಾಡಿ ನಡುವೆ ಬಾಗುತ್ತಿದೆ. ಆಮೇಲೆ ಎಂಜಿನ್ ನೋಡುವ ಅಗತ್ಯವೇ ಇಲ್ಲ, ವಂದನೆ ಹೇಳಿ ಬಂದುಬಿಡಲಿ.

ಇನ್ನೊಂದು ಕಳ್ಳ ಕೆಲಸ ಉಂಟು. ಹೊರಗಿನ ಸಿಲ್ ತಗಡು ಬಾಗಿಲ ಕೆಳಗೇ ಮುಗಿಯುವುದಿಲ್ಲ, ಮುಂದೆ ಹಿಂದೆ ಮಡ್‌ಗಾರ್ಡ್‌ಗಳ ಒಳಗೂ ಹೋಗುತ್ತೆ. ಸರಿಯಾಗಿ ಬದಲಿಸಬೇಕಾದರೆ ಮಡ್‌ಗಾರ್ಡಿನ ಕೆಳತುದಿ ಕೊಯ್ದು, ಕೆಲಸ ಮುಗಿದ ಮೇಲೆ ಮತ್ತೆ ಬೆಸೆಯಬೇಕು. ಅಷ್ಟು ಶ್ರಮ ಬೇಡದವರು ತುಕ್ಕು ತಿಂದ ಸಿಲ್ ಮೇಲೆಯೇ ಹೊಸ ತಗಡಿನ ಹೊದಿಕೆ ಹೊದೆಸಿ ವೆಲ್ಡ್ ಮಾಡಿ ಬಣ್ಣ ಹೊಡೆದುಬಿಡುತ್ತಾರೆ. ನೋಡೋಕೆ ಹೊಸದೇ ಅನಿಸುತ್ತೆ, ಒಳಗೆ ಕೊಳೆಯುವುದು ನಿಂತಿರುವುದಿಲ್ಲ. ನಿಮ್ಮ ಮಗ ಒಂದು ಟಾರ್ಚ್ ಹಿಡಿದು ನೆಲಕ್ಕೆ ಬೆನ್ನು ಕೊಟ್ಟು ನೋಡಲಿ. ಸಿಲ್‌ನ ತಳದಲ್ಲಿ ಕೋಟೆಯ ತೆನೆಯ ಹಾಗೆ ಏರಿಳಿತವಿರುವ ಒಂದು ಪಟ್ಟಿ ಇರಬೇಕು, ಒಳಗಿನ ನೀರು ಇಳಿಯುವುದು ಆ ಸಂದುಗಳಿಂದ. ಆ ಸಂದುಗಳು ಮುಚ್ಚಿಹೋಗಿದ್ದರೆ, ಅಥವಾ ಪಟ್ಟಿಯೇ ಕಾಣದ ಹಾಗೆ ಕಪ್ಪು ಅಂಡರ್‌ಸೀಲ್ ದಪ್ಪಗೆ ಬಳಿದಿದ್ದರೆ ಅನುಮಾನ ಪಡಲೇಬೇಕು. ಮಾರುವ ವಾರದಲ್ಲಿ ಬಳಿದ ಅಂಡರ್‌ಸೀಲನ್ನು ನಾನು ಯಾವತ್ತೂ ನಂಬಲ್ಲ.

ಜೇಬಿನಲ್ಲಿ ಬಟ್ಟೆ ಸುತ್ತಿದ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಂಡಿರಲಿ. ಮುಂದಿನ ಮಡ್‌ಗಾರ್ಡಿನ ಕೆಳಭಾಗ, ಹಿಂದಿನ ಚಕ್ರದ ಕಮಾನು, ಇಲ್ಲೆಲ್ಲ ಇಟ್ಟು ನೋಡಲಿ. ಅಂಟಿಕೊಳ್ಳದಿದ್ದರೆ ಅಲ್ಲಿರುವುದು ತಗಡಲ್ಲ, ಫಿಲ್ಲರ್. ಆದರೆ ಮೊದಮೊದಲ ವರ್ಷಗಳ ಗಾಡಿಗಳ ಬಾನೆಟ್ಟಿಗೆ ಅಂಟಲಿಲ್ಲ ಅಂತ ಗಾಬರಿಯಾಗೋದು ಬೇಡ, ಆಗ ಅದನ್ನು ಅಲ್ಯುಮಿನಿಯಮ್ಮಿನಲ್ಲೇ ಮಾಡುತ್ತಿದ್ದರು. ಸೀಟಿನ ಹಿಂದೆ ನೆಲದಲ್ಲಿ ಬ್ಯಾಟರಿ ಪೆಟ್ಟಿಗೆಗಳಿವೆ. 1974ರವರೆಗೆ ಎರಡು ಆರು ವೋಲ್ಟಿನ ಬ್ಯಾಟರಿ ಇಡುತ್ತಿದ್ದರು. ಆಸಿಡ್ ಚೆಲ್ಲಿ ಆ ಪೆಟ್ಟಿಗೆಗಳ ತಳ ತೂತಾಗಿರುವುದು ಸಾಮಾನ್ಯ. ಅಲ್ಲೇ ಹತ್ತಿರ ಹಿಂದಿನ ಪಟ್ಟಿ ಸ್ಪ್ರಿಂಗಿನ ಮುಂತುದಿಯನ್ನು ಹಿಡಿದಿರುವ ಜಾಗ ಇದೆ, ಅದು ಗಟ್ಟಿಯಾಗಿರಲೇಬೇಕು. ಕಾರ್ಪೆಟ್ ಎತ್ತಿ ನೆಲವನ್ನೂ ನೋಡಲಿ, ಬೂಟಿನಲ್ಲಿ ಸ್ಟೆಪ್ನಿಯ ಕೆಳಗೂ ನೋಡಲಿ. ಬಾಗಿಲ ಮೇಲೆ ಮುಂದಿನ ಸಣ್ಣ ಗಾಜಿನ ಹಿಂದುಗಡೆ ತಗಡು ಸೀಳುವುದುಂಟು. ಎಂಜಿಬಿಗೆ ಅದು ಹಳೆಯ ಕಾಯಿಲೆ, ಅಷ್ಟಕ್ಕೇ ಗಾಡಿ ಬಿಡಬೇಕಾಗಿಲ್ಲ.

ಬರೀ ತಗಡಿನ ಬಗ್ಗೆ ಇಷ್ಟು ಹೊತ್ತು ಮಾತಾಡುತ್ತಿರುವುದಕ್ಕೆ ಕಾರಣ ದುಡ್ಡು. ಬೋಲ್ಟು ಬಿಚ್ಚಿ ಬದಲಿಸಬಹುದಾದದ್ದೆಲ್ಲ ಈ ಕಾರಿನಲ್ಲಿ ಅಗ್ಗ, ವೆಲ್ಡಿಂಗ್ ಬೇಡುವುದೆಲ್ಲ ದುಬಾರಿ. ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನುವ ಸಂಸ್ಥೆ ಕಾರ್ಖಾನೆಯ ಹಳೇ ಅಚ್ಚುಗಳನ್ನೇ ಹುಡುಕಿ ತಂದು 1988ರಿಂದ ಹೊಸ ಎಂಜಿಬಿ ಬಾಡಿ ಮಾಡಿಕೊಡುತ್ತಿದೆ. ಎಂಥ ಪುಣ್ಯದ ಕೆಲಸ ಅದು! ಆದರೆ ಖಾಲಿ ಬಾಡಿಗೇ ಹತ್ತು ಸಾವಿರ ಪೌಂಡ್ ದಾಟುತ್ತೆ. ಅಗ್ಗಕ್ಕೆ ಸಿಕ್ಕಿತು ಅಂತ ಕೊಳೆತ ಗಾಡಿ ತಂದವರು ಆಮೇಲೆ ಅದೇ ಬಾಗಿಲು ತಟ್ಟಬೇಕಾಗುತ್ತೆ.

ಎಂಜಿನ್ ಆರಿ ತಣ್ಣಗಿರುವಾಗಲೇ ನೋಡಬೇಕು. ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಫೋನಿನಲ್ಲಿ ಹೇಳಿರಲಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಲಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚುತ್ತಿದ್ದಾರೆ. ಸ್ಟಾರ್ಟ್ ಆದ ಮೇಲೆ ಟ್ಯಾಪೆಟ್ ಸದ್ದು ಸಣ್ಣಗೆ ಕೇಳಿಸಿದರೆ ತಪ್ಪಲ್ಲ, ಆಳದಿಂದ ಬರುವ ದಪ್ಪನೆಯ ಬಡಿತ ಮಾತ್ರ ಬೇರಿಂಗಿನದು. ಡ್ಯಾಶ್‌ಬೋರ್ಡಿನಲ್ಲೇ ಆಯಿಲ್ ಪ್ರೆಷರ್ ಗೇಜ್ ಇದೆ. ಚೆನ್ನಾಗಿ ಬಿಸಿಯಾಗಿ ಓಡುವಾಗ 50 ಪೌಂಡಿನ ಮೇಲಿರಬೇಕು, ನಿಂತು ಐಡಲ್ ಆಗುವಾಗ 15–20ಕ್ಕೆ ಇಳಿದರೆ ತೊಂದರೆಯಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ ಬಂದರೆ ಎಂಜಿನ್ ಬಿಚ್ಚುವ ಕಾಲ ಹತ್ತಿರವಿದೆ ಅಂತ ಬೆಲೆಯಲ್ಲಿ ಕಡಿಮೆ ಮಾಡಿಸಲಿ. 1964ರ ಕೊನೆಯ ಹೊತ್ತಿಗೆ ಕ್ರ್ಯಾಂಕಿನ ಬೇರಿಂಗ್ ಮೂರು ಇದ್ದದ್ದು ಐದಾಯಿತು. ದಿನಾ ಓಡಿಸುವವನಿಗೆ ಐದರದೇ ಮೇಲು.

ಪೆಟ್ರೋಲಿನ ವಿಷಯ ಮರೆಯಬಾರದು. ಈ ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿಗೆ ಮಾಡಿದ್ದು. ಬ್ರಿಟನ್ನಿನಲ್ಲಿ 2000ನೇ ಇಸವಿಯಿಂದ ಅದು ಬಂಕುಗಳಲ್ಲಿ ನಿಂತಿದೆ. ಹೆಡ್‌ನಲ್ಲಿ ವಾಲ್ವ್ ಸೀಟು ಗಟ್ಟಿಯದು ಹಾಕಿಸಿದ್ದಾರೋ, ಅದಕ್ಕೆ ಬಿಲ್ ಇದೆಯೋ ಕೇಳಲಿ. 2021ರ ಸೆಪ್ಟೆಂಬರಿನಿಂದ ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೂ ಎಥನಾಲ್ ಇರುತ್ತೆ. ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರಲ್ಲ, ಪೆಟ್ರೋಲ್ ಸೋರಿದರೆ ಬೆಂಕಿಯ ಅಪಾಯ. ಪೈಪು ಹೊಸದು ಹಾಕಿಸಿ, ಶೇಕಡಾ ಐದರ ಸೂಪರ್ ಪೆಟ್ರೋಲೇ ತುಂಬಿಸಲಿ.

ಓಡಿಸಿ ನೋಡುವಾಗ ಎಂಜಿನ್ ವೇಗ ತಗ್ಗಿಸುವ ಓವರ್‌ಡ್ರೈವ್ ಇದೆಯೋ ಅಂತ ನೋಡಬೇಕು. ಮೊದಲೆಲ್ಲ ಅದಕ್ಕೆ ಬೇರೆ ದುಡ್ಡು ಕೊಡಬೇಕಿತ್ತು, 1975ರ ನಡುವಿನಿಂದ ಅದು ಗಾಡಿಯ ಜೊತೆಗೇ ಬರತೊಡಗಿತು. ಮೋಟರ್‌ವೇ ಮೇಲೆ ಅದಿಲ್ಲದಿದ್ದರೆ ಎಂಜಿನ್ ಕಿರುಚುತ್ತಲೇ ಇರುತ್ತೆ. ಸ್ವಿಚ್ ಹಾಕಿದ ಕೂಡಲೇ ಹಿಡಿದುಕೊಳ್ಳಬೇಕು. 1967ಕ್ಕಿಂತ ಹಳೆಯ ಗಾಡಿಯಲ್ಲಿ ಮೊದಲ ಗೇರಿಗೆ ಸಿಂಕ್ರೋ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು, ಅದು ದೋಷವಲ್ಲ. ತಂತಿ ಚಕ್ರಗಳಿದ್ದರೆ ಒಂದು ಪೆನ್ನಿನಿಂದ ಪ್ರತಿ ಕಡ್ಡಿಯನ್ನೂ ತಟ್ಟುತ್ತಾ ಹೋಗಲಿ, ಮಂಕಾಗಿ ಸದ್ದು ಮಾಡುವ ಕಡ್ಡಿ ಸಡಿಲವಾಗಿದೆ. ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್‌ಪಿನ್ ಸ್ಥಿತಿ ತಿಳಿಯುತ್ತೆ. ನಿಯಮಿತವಾಗಿ ಗ್ರೀಸ್ ಹೊಡೆಯದವರ ಗುಟ್ಟು ಅಲ್ಲಿ ಬಯಲಾಗುತ್ತೆ.

ಕಾಗದಪತ್ರ ಈಗ. ಅಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಕಾರುಗಳಿಗೆ ಎಂಒಟಿ ಅನ್ನುವ ವರ್ಷವರ್ಷದ ಸುಸ್ಥಿತಿ ಪರೀಕ್ಷೆಯಿಂದ 2018ರಿಂದ ವಿನಾಯಿತಿ ಇದೆ. ಅಂದರೆ ಅಂಥ ಮಾರ್ಪಾಡಿಲ್ಲದ ಎಂಜಿಬಿಗಳಿಗೆಲ್ಲ ಈಗ ವಿನಾಯಿತಿಯೇ. ಒಳ್ಳೆಯದೇನೋ ಹೌದು, ಆದರೆ ಎಷ್ಟೋ ಗಾಡಿಗಳನ್ನು ವರ್ಷಗಟ್ಟಲೆ ಯಾರೂ ಕೆಳಗಿನಿಂದ ನೋಡಿರುವುದೇ ಇಲ್ಲ. ಕೊಳ್ಳುವವನು ತಾನಾಗಿಯೇ ಎಂಒಟಿ ಮಾಡಿಸೋಣ ಅಂತ ಕೇಳಬಹುದು. ಮಾರುವವರು ಒಪ್ಪದಿದ್ದರೆ ಉತ್ತರ ಸಿಕ್ಕಿತು. 2005ರಿಂದೀಚಿನ ಪರೀಕ್ಷೆಗಳ ವಿವರ ಸರ್ಕಾರಿ ಜಾಲತಾಣದಲ್ಲಿ ಉಚಿತ, ನಂಬರ್ ಹಾಕಿದರೆ ಸಾಕು. ಯಾವ ವರ್ಷ ಎಲ್ಲಿ ತುಕ್ಕು ಅಂತ ಬರೆದಿದ್ದಾರೆ ನೋಡಿ, ಅದೇ ಜಾಗಕ್ಕೆ ಬೆರಳಿಟ್ಟು ಕೇಳಲಿ. ವಿ5ಸಿ ಅನ್ನುವ ನೋಂದಣಿ ಪತ್ರದಲ್ಲಿರುವ ಛಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಹೊಂದಬೇಕು. ಆ ಪತ್ರ ಮಾಲೀಕತ್ವದ ದಾಖಲೆಯಲ್ಲ ಅನ್ನುವುದೂ ನೆನಪಿರಲಿ, ಮಾರಾಟದ ರಸೀದಿ ಬರೆಸಿಕೊಳ್ಳಲೇಬೇಕು.

ಕ್ರೋಮ್ ಬಂಪರಿನದೋ, ಕಪ್ಪು ರಬ್ಬರ್ ಬಂಪರಿನದೋ ಅಂತ ಅವನು ಒದ್ದಾಡುತ್ತಿದ್ದಾನೆ ಅಂದಿರಲ್ಲ. 1974ರ ಕೊನೆಯಲ್ಲಿ ಅಮೆರಿಕದ ಕಾನೂನಿಗಾಗಿ ರಬ್ಬರ್ ಬಂಪರ್ ಹಾಕಿ ಗಾಡಿಯನ್ನು ಒಂದೂವರೆ ಇಂಚು ಎತ್ತರಿಸಿದರು. ಮೊದಲಿನ ಅಂದ ಹೋಯಿತು ಅಂತ ಅಭಿಮಾನಿಗಳಿಗೆ ಇವತ್ತಿಗೂ ಬೇಸರ, ಬೆಲೆಯೂ ಅದಕ್ಕೇ ಕಡಿಮೆ. ನನ್ನನ್ನು ಕೇಳಿದರೆ ಕ್ರೋಮಿನ ಆಸೆಗೆ ಕೊಳೆತ ಸಿಲ್ ಕೊಳ್ಳುವ ಬದಲು ಗಟ್ಟಿ ತಗಡಿನ ರಬ್ಬರ್ ಬಂಪರ್ ಗಾಡಿಯನ್ನೇ ಕೊಳ್ಳಬೇಕು. ಎಂಜಿನ್ ಸುಸ್ತಾಗಿರಲಿ, ಸೀಟು ಹರಿದಿರಲಿ, ಅದೆಲ್ಲ ಒಂದೊಂದಾಗಿ ಮಾಡಿಸಿಕೊಳ್ಳಬಹುದು.

ಹೋಗುವಾಗ ಎಂಜಿ ಕ್ಲಬ್ಬಿನ ಯಾರಾದರೂ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಲಿ, ಅಲ್ಲಿನವರು ಇಂಥದ್ದಕ್ಕೆ ಪ್ರೀತಿಯಿಂದ ಬರುತ್ತಾರೆ. ತೆರೆದ ಕಾರಿಗೆ ಅಲ್ಲಿ ವಸಂತದಲ್ಲಿ ಬೆಲೆ ಏರುತ್ತೆ, ಚಳಿಗಾಲವೇ ಕೊಳ್ಳುವ ಹೊತ್ತು. ಮಳೆಯಲ್ಲಿ ಮಾತ್ರ ಗಾಡಿ ನೋಡಬಾರದು, ನೀರು ಬಿದ್ದ ಬಣ್ಣ ಎಲ್ಲ ದೋಷವನ್ನೂ ಮುಚ್ಚುತ್ತೆ. ಇವತ್ತು ರಾತ್ರಿ ಅವನು ಫೋನ್ ಮಾಡಿದರೆ ಸಿಲ್‌ನ ತಳದ ಫೋಟೋ ಕಳಿಸೋಕೆ ಹೇಳಿ ರಾಯರೇ, ದುಡ್ಡಿನ ಮಾತು ಅದನ್ನು ನೋಡಿದ ಮೇಲೆ ಆಡಲಿ.