ಶಾಸಕರ ಪ್ರವಾಸ: ಒಂದು ಕಿರು ಕೈಪಿಡಿ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಶಾಸಕರ ಕರ್ತವ್ಯಗಳಲ್ಲಿ ಭೂಮಿಪೂಜೆಯೇ ಮೊದಲನೆಯದು. ಗಟಾರವಿರಲಿ, ಸಮುದಾಯ ಭವನವಿರಲಿ, ವಿಧಿ ಒಂದೇ. ಗುದ್ದಲಿಗೆ ಕುಂಕುಮ, ಶಾಸಕರಿಗೆ ಶಾಲು, ಗುತ್ತಿಗೆದಾರನಿಗೆ ಕಣ್ಸನ್ನೆ. ಬಳಿಕ ಆಪ್ತ ಸಹಾಯಕನೊಡನೆ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

“ಈ ಗಟಾರಕ್ಕ ಹ್ವಾದ ವರ್ಷನೂ ಪೂಜಾ ಮಾಡಿದ್ವಲ್ಲೋ?”

“ಹೌದ್ರೀ ಸಾಹೇಬ್ರ. ಅದು ಹಳೇ ಅನುದಾನದ್ದು, ಇದು ಹೊಸಾದು.”

“ಗಟಾರ ಎಲ್ಲೈತಿ?”

“ಪೂಜಾ ಆಗೇತ್ರೀ. ಗಟಾರ ಆಮ್ಯಾಲೆ ಬರ್ತೈತಿ.”

ಎರಡನೆಯದು ಜಾತ್ರೆ. ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರನಿಗೆ ಮೆಟ್ಟಿಲು ಹತ್ತಬೇಕಾದ್ದರಿಂದ ಹಿಂಬಾಲಕರು ಅರ್ಧ ದಾರಿಯಲ್ಲೇ ಅರ್ಧವಾಗುತ್ತಾರೆ.

ವರ್ಷದಲ್ಲಿ ಕಠಿಣ ದಿನವೆಂದರೆ ಜುಲೈ 21. 1980ರಲ್ಲಿ ಅಂದು ನರಗುಂದದಲ್ಲಿ, ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ನಡೆಯಿತು. ಹುತಾತ್ಮ ರೈತನ ವೀರಗಲ್ಲಿಗೆ ಈಗ ಎಲ್ಲ ಪಕ್ಷದವರೂ ಹಾರ ತರುತ್ತಾರೆ. ಜೊತೆಗೆ, ಮಲಪ್ರಭೆಗೆ ತಿರುಗಿಸಬೇಕೆಂಬ ಮಹದಾಯಿ ನದಿಯ ನೀರಿನ ಮಾತೂ ಬರುತ್ತದೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು; ಭಾಷಣಗಳಲ್ಲಿ ಅದು ಆಗಲೇ ಕಾಲುವೆ ತುಂಬಿ ಹರಿದಿದೆ.

“ಸಾಹೇಬ್ರ, ನೀರ ಯಾವಾಗ ಬರ್ತಾವ್ರೀ?”

“ಹೊಂಟಾವಪಾ ಯಜ್ಜಾ. ಕಾಗದಪತ್ರ ದಿಲ್ಲಿಗೆ ಮುಟ್ಯಾವ.”

“ಕಾಗದ ಅಲ್ರೀ, ನಾ ಕೇಳಿದ್ದು ನೀರ.”

ಇಂಥ ಸಂದರ್ಭದಲ್ಲಿ, ಗಜೇಂದ್ರಗಡದ ಮದುವೆಗೆ ಅಕ್ಕಿಕಾಳಿನ ಹೊತ್ತಾಯಿತೆಂದು ನೆನಪಿಸುವುದು ಆಪ್ತ ಸಹಾಯಕನ ಹೊಣೆ. ಅವನಿಗೆ ಸಂಬಳ ಬಹುತೇಕ ಇದಕ್ಕೇ.

ಚುನಾವಣಾ ನೀತಿ ಸಂಹಿತೆ ಜಾರಿಯಾದರೆ ಅಡಿಗಲ್ಲುಗಳ ಮೇಲಿನ ಹೆಸರಿಗೆ ಬಟ್ಟೆ ಬೀಳುತ್ತದೆ, ಭೂಮಿಪೂಜೆ ನಿಲ್ಲುತ್ತದೆ. ಮದುವೆ, ತೊಟ್ಟಿಲು, ಮಣ್ಣು ಮಾತ್ರ ದುಪ್ಪಟ್ಟಾಗುತ್ತವೆ.