ಪಾಸಿಟಿವ್ ಮಾಮ

ಪಾಸಿಟಿವ್ ಮಾಮನಿಗೆ ಬೆಳಕು ಹರಿಯುವುದು ಐದು ಗಂಟೆಗೆ, ಅವರ ಕುಟುಂಬದ ವಾಟ್ಸಾಪ್ ಗುಂಪಿಗೆ ಐದೂ ಐದಕ್ಕೆ. ಮೊದಲು ತಾವರೆ, ಅದರ ಬೆನ್ನಿಗೆ ಸೂರ್ಯೋದಯ, ಸೂರ್ಯನ ಮೇಲೆ ಹಳದಿ ಅಕ್ಷರದಲ್ಲಿ ವಿವೇಕಾನಂದರು ಎಂದೂ ಆಡದ ಒಂದು ಮಾತು. ಬ್ಯಾಂಕಿನಿಂದಲೋ ಕೆಇಬಿಯಿಂದಲೋ ನಿವೃತ್ತರಾದ ಇಂಥವರೊಬ್ಬರು ಇಲ್ಲದ ಗುಂಪು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಮೈಸೂರಿನಲ್ಲಿ ಅವರು ಮಾಮ, ಧಾರವಾಡದಲ್ಲಿ ಕಾಕಾ, ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋದ ಆರು ತಿಂಗಳು ಅಂಕಲ್. ಕೆಲಸ ಮಾತ್ರ ಎಲ್ಲ ಕಡೆ ಒಂದೇ, ಬಂಧುಬಳಗದ ಮನಸ್ಸಿನ ರಿಪೇರಿ.

ಒಂದು ರಾತ್ರಿ ಸೋದರಳಿಯ ಪುಟ್ಟ ಗುಂಪಿನಲ್ಲಿ ಬರೆಯುತ್ತಾನೆ: "ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಯಾವುದೂ ಬೇಡ ಅನ್ನಿಸ್ತಿದೆ." ಉಳಿದವರು ಏನು ಹೇಳುವುದೆಂದು ತಿಳಿಯದೆ ಕೈಮುಗಿಯುವ ಚಿತ್ರ ಒತ್ತಿ ಮಲಗುತ್ತಾರೆ. ಮಾಮ ಮಲಗುವವರಲ್ಲ.

"ಏನೋ ಪುಟ್ಟ, ಡಿಪ್ರೆಶನ್ನಾ? ನಮ್ಮ ಕಾಲದಲ್ಲಿ ಇವೆಲ್ಲ ಇರಲೇ ಇಲ್ಲ ಕಣೋ. ಬೆಳಿಗ್ಗೆ ಎದ್ದು ಬಾವಿಯಿಂದ ನಾಲ್ಕು ಕೊಡ ನೀರು ಸೇದು, ತಾನಾಗೇ ಹೋಗುತ್ತೆ."

ಪುಟ್ಟ ಇರುವುದು ವೈಟ್‌ಫೀಲ್ಡಿನ ಹದಿನಾಲ್ಕನೆಯ ಮಹಡಿಯಲ್ಲಿ. ಅಲ್ಲಿಗೆ ನೀರು ಟ್ಯಾಂಕರಿನಲ್ಲಿ ಬರುತ್ತದೆ.

ಇನ್ನು 'ನಮ್ಮ ಕಾಲ'ದ ವಿಚಾರ. ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗೆಂದೇ ಆಸ್ಪತ್ರೆ ಶುರುವಾದದ್ದು 1847ರಲ್ಲಿ. ಆಗ ಮಾಮನ ತಾತನೇ ಹುಟ್ಟಿರಲಿಲ್ಲ. 1925ರಲ್ಲಿ ಅದರ ಹೆಸರು ಬದಲಾಯಿತು, 1974ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಇಷ್ಟು ಕಾಲ ಅಲ್ಲಿ ಡಾಕ್ಟರುಗಳು ಸುಮ್ಮನೆ ಕಾಫಿ ಕುಡಿಯುತ್ತ ಕೂತಿರಲಿಲ್ಲವಲ್ಲ! ಊಟ ಬಿಟ್ಟು, ಮಾತು ಬಿಟ್ಟು ಕೊಟ್ಟಿಗೆಯ ಮೂಲೆಯಲ್ಲಿ ಕೂರುತ್ತಿದ್ದ ಸೋದರತ್ತೆಯೊಬ್ಬರು ಮಾಮನ ಮನೆಯಲ್ಲೂ ಇದ್ದರು. ಅವರಿಗೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದರು.

ಬಾವಿಯ ಚಿಕಿತ್ಸೆ ಫಲಿಸದಿದ್ದರೆ ಮಾಮನ ಹತ್ತಿರ ಎರಡನೆಯ ಔಷಧ ಸಿದ್ಧವಿರುತ್ತದೆ. "ಒಂದು ಮದುವೆ ಮಾಡಿಬಿಡಿ." ಮದುವೆಯಾಗಿದ್ದರೆ ಮಗು. ಮಗುವಾಗಿದ್ದರೆ ಸೈಟು. ಸೈಟಿಗೆ ಸಾಲ ಮಾಡಿ, ಇಪ್ಪತ್ತು ವರ್ಷ ಕಂತು ಕಟ್ಟುವ ಗಂಡಸಿಗೆ ಬೇಜಾರಾಗಲು ಪುರಸೊತ್ತೆಲ್ಲಿ ಎಂಬುದು ಅವರ ಸಿದ್ಧಾಂತ.

ದೀಪಿಕಾ ಪಡುಕೋಣೆ 2015ರಲ್ಲಿ ತಮಗೆ ಖಿನ್ನತೆಯಿತ್ತೆಂದು ಬಹಿರಂಗವಾಗಿ ಹೇಳಿದಾಗ ಮಾಮನಿಗೆ ದಿಗ್ಭ್ರಮೆ. "ಪ್ರಕಾಶ್ ಪಡುಕೋಣೆ ಮಗಳಿಗೆ ಏನ್ ಕಮ್ಮಿ ರೀ?" ಕಡಿಮೆಯೇನೂ ಇರಲಿಲ್ಲ, ಕಾಯಿಲೆ ಬರುವ ಮುನ್ನ ಪಾಸ್‌ಬುಕ್ ನೋಡುವುದಿಲ್ಲ. ಮಾಮ ಆ ಸಂದರ್ಶನ ಪೂರ್ತಿ ನೋಡಿದ್ದರೆ ಒಂದು ವಿಷಯ ತಿಳಿಯುತ್ತಿತ್ತು. ಮಗಳ ಅಳು ಎಂದಿನ ಅಳುವಲ್ಲ ಎಂದು ಮೊದಲು ಗುರುತಿಸಿ, ನೆರವು ಪಡೆಯಲು ಹೇಳಿದ್ದು ತಾಯಿ. ತಾವರೆ ಕಳಿಸಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ಮಾಮನಿಗೆ ಎದುರಾಳಿಯೂ ಇದ್ದಾಳೆ, ಮಗಳ ಮಗಳು. ಅವಳ ವಿದ್ಯೆಯೆಲ್ಲ ರೀಲ್ಸ್‌ನಿಂದ ಬಂದದ್ದು. ಸೋಮವಾರ ಅವಳಿಗೆ ಆಂಕ್ಸೈಟಿ, ಬುಧವಾರ ಟ್ರಾಮಾ, ವೈಫೈ ಹೋದರೆ ಡಿಪ್ರೆಶನ್. ಮನೋವೈದ್ಯರ ಲೆಕ್ಕವೇ ಬೇರೆ. ಮಂಕು, ನಿರಾಸಕ್ತಿ, ನಿದ್ದೆ-ಹಸಿವಿನ ಏರುಪೇರು, ಸುಸ್ತು ಇಂಥವು ಕನಿಷ್ಠ ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಕಾಡಿ, ದಿನದ ಕೆಲಸ ಕೆಟ್ಟಾಗ ಅವರು ಖಿನ್ನತೆಯ ಮಾತೆತ್ತುತ್ತಾರೆ. ಅಜ್ಜ ಎಲ್ಲವನ್ನೂ ಸೋಮಾರಿತನದ ಖಾತೆಗೆ ಹಾಕುತ್ತಾರೆ, ಮೊಮ್ಮಗಳು ಎಲ್ಲವನ್ನೂ ಕಾಯಿಲೆಯ ಖಾತೆಗೆ. ಇಬ್ಬರ ಜಗಳದ ನಡುವೆ ನಿಜಕ್ಕೂ ನಿದ್ದೆಗೆಟ್ಟ ಪುಟ್ಟ ಗುಂಪನ್ನು ಮ್ಯೂಟ್ ಮಾಡಿರುತ್ತಾನೆ. ಆದರೂ ಒಂದು ಒಪ್ಪಬೇಕು, ಆಸ್ಪತ್ರೆಗೆ ಹೋಗು ಎಂದು ಅವನಿಗೆ ಖಾಸಗಿಯಾಗಿ ಬರೆದದ್ದು ಆ ಹುಡುಗಿಯೇ.

ಮಾಮನ ನಡಿಗೆ, ಪ್ರಾಣಾಯಾಮದ ಬೋಧನೆ ಪೂರ್ತಿ ಸುಳ್ಳಲ್ಲ. ವ್ಯಾಯಾಮದಿಂದ ಖಿನ್ನತೆ ತಗ್ಗುತ್ತದೆ ಎಂದು ವೈದ್ಯರೂ ಹೇಳುತ್ತಾರೆ. ಅಪಾಯ ಶುರುವಾಗುವುದು ಅವರು ಗುಳಿಗೆಯ ವಿಷಯಕ್ಕೆ ಕೈಹಾಕಿದಾಗ. "ನಾಲ್ಕು ದಿನ ತಿಂದ್ಯಲ್ಲ, ಏನಾದ್ರೂ ಆಯ್ತಾ? ಬಿಸಾಕು. ಅಭ್ಯಾಸ ಆಗಿಬಿಡುತ್ತೆ." ಖಿನ್ನತೆಯ ಮಾತ್ರೆ ಗುಣ ತೋರಿಸಲು ಸಾಮಾನ್ಯವಾಗಿ ಕೆಲವು ವಾರ ಬೇಕು. ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಭಂಗ, ಕೆಲವೊಮ್ಮೆ ಕಾಯಿಲೆಯೇ ಮರಳುವುದು. ಮಾಮ ತಮ್ಮ ಬಿಪಿ ಮಾತ್ರೆಯನ್ನು ಹದಿನೆಂಟು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ. ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇಕಡಾ 70ರಿಂದ 92. ಮಾಮನ ಗುಂಪಿನಲ್ಲಿ ಅರವತ್ತು ಜನರಿದ್ದರೆ ಖಿನ್ನತೆ ಕಂಡವರು ಮೂವರು ಎಂದಾಯಿತು. ಪುಟ್ಟ ಒಬ್ಬ ಬಾಯಿಬಿಟ್ಟ. ಉಳಿದಿಬ್ಬರು ಅವನಿಗೆ ಬಂದ ಬುದ್ಧಿವಾದ ಓದಿ, ಬಾವಿ ನೆನೆದು ಬಾಯಿಮುಚ್ಚಿಕೊಂಡಿರಬೇಕು.

ಮಾಮ ಅಪ್ಪಟ ಹಾಸ್ಯಪ್ರಿಯರು. 1942ರಲ್ಲಿ ಶುರುವಾದ 'ಕೊರವಂಜಿ'ಯ ಹಳೆಯ ಸಂಚಿಕೆಗಳ ಜೋಕು ಈಗಲೂ ಬಾಯಿಪಾಠ. ಆ ಪತ್ರಿಕೆ ನಡೆಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋವೈದ್ಯಕೀಯದ ಬಗ್ಗೆ 'ಮನಮಂಥನ' ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅದನ್ನು ಮಾಮ ಓದಿಲ್ಲ. ಯಾರೂ ಫಾರ್ವರ್ಡ್ ಮಾಡಲಿಲ್ಲವಂತೆ.

ಇಷ್ಟಾದರೂ ಮಾಮನನ್ನು ಗುಂಪಿನಿಂದ ತೆಗೆದುಹಾಕುವಂತಿಲ್ಲ. ಪುಟ್ಟನ ಹೆಸರಿನ ಮುಂದೆ ಒಂದು ವಾರ ನೀಲಿ ಟಿಕ್ ಕಾಣದಿದ್ದಾಗ, ಕೈಮುಗಿದವರೆಲ್ಲ ಮರೆತಿದ್ದಾಗ, ಡಬ್ಬಿಯಲ್ಲಿ ಗೊಜ್ಜವಲಕ್ಕಿ ತುಂಬಿಕೊಂಡು ಮೈಸೂರಿನಿಂದ ಬಸ್ಸು ಹತ್ತಿದವರು ಅವರೊಬ್ಬರೇ. ಮನೋವೈದ್ಯರ ಬಳಿ ಹೋಗುವಾಗಲೂ ಜೊತೆಗೆ ಹೊರಟರು. ಸರದಿಯಲ್ಲಿ ಕೂತು ಪಕ್ಕದವರಿಗೆ ಅನುಲೋಮ-ವಿಲೋಮ ಹೇಳಿಕೊಟ್ಟರು, ಒಳಗೆ ಹೋಗಿ ಡಾಕ್ಟರಿಗೂ ನಾಲ್ಕು ಸಲಹೆ ಕೊಟ್ಟರು. ಆದರೆ ಹೋದರು. ಇಂಥ ಮಾಮ ಎದುರು ಬಂದು ಕೂತರೆ ಪರವಾಗಿಲ್ಲ, ಫೋನಿನೊಳಗೆ ಮಾತ್ರ ಕಷ್ಟ.

ನಿಮ್ಮ ಗುಂಪಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರೊಡನೆ ವಾದ ಬೇಡ, ಗೆಲ್ಲುವುದಿಲ್ಲ. ನಾಳೆ ತಾವರೆ ಬಂದ ಕೂಡಲೇ ಅದರ ಕೆಳಗೆ 14416 ಎಂದು ಬರೆದು, ಎಲ್ಲರಿಗೂ ಕಳಿಸಿ ಎಂದು ಕೇಳಿಕೊಳ್ಳಿ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ಅದು. ಕರೆ ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಂಚುವ ಕೆಲಸ ಮಾಮನಿಗೆ ಬಿಡಿ. ಆ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ.